ಪಟ್ಟಣದ ರಾಕೆಟ್ಟು, ನಾಗಮಂಗಲದ ರಾಗಿ ಹೊಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)



ಬಾಹ್ಯಾಕಾಶದ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಸೇರಿದರೆ ವಾದ ಗ್ಯಾರಂಟಿ. ಗಗನಯಾನ ಬೇಕಾ, ಬೇಡ್ವಾ? ಮನುಷ್ಯರನ್ನ ಕಳಿಸೋ ಬದಲು ಯಂತ್ರ ಕಳಿಸಿದ್ರೆ ಸಾಲದಾ? ರಾಕೆಟ್ ಕಟ್ಟೋ ಕೆಲಸವನ್ನ ಕಂಪನಿಗಳಿಗೆ ಬಿಟ್ಟು ಇಸ್ರೋ ಸಂಶೋಧನೆ ಮಾತ್ರ ಮಾಡಬೇಕಾ? ಹೀಗೆ ಗಂಟೆಗಟ್ಟಲೆ ನಡೆಯುತ್ತೆ. ಆ ವಾದದ ಪಕ್ಕದಲ್ಲೇ ಇನ್ನೊಬ್ಬರು ಟೀ ಕುಡೀತಾ ಕೂತಿರ್ತಾರೆ. ಅವರದ್ದು ಒಂದೇ ಪ್ರಶ್ನೆ. "ಅಲ್ಲ ಸ್ವಾಮಿ, ಚಂದ್ರನ ಮೇಲೆ ನೀರು ಹುಡುಕ್ತಾ ಅವ್ರಲ್ಲ, ನಮ್ ಬೋರ್‌ವೆಲ್ಲಲ್ಲಿ ನೀರಿಲ್ವಲ್ಲ, ಅದಕ್ಕೇನ್ ಮಾಡವ್ರೆ?"

ಹೀಗೆ ಕೇಳಿದವರನ್ನು ನಕ್ಕು ಸುಮ್ಮನಾಗಿಸೋದು ಸುಲಭ. ನಮ್ಮಂಥವರು ಬಹಳ ಸಲ ಮಾಡೋದೂ ಅದನ್ನೇ. ಆದರೆ ಆ ಪ್ರಶ್ನೆಯಲ್ಲಿ ದಮ್ಮಿದೆ ಅನ್ನೋದು ನನ್ನ ಅಭಿಪ್ರಾಯ. ಇವತ್ತು ಬೆಂಗಳೂರಿಂದಲೋ ಶ್ರೀಹರಿಕೋಟಾದಿಂದಲೋ ನೋಡದೆ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನಲ್ಲಿ ನಿಂತುಕೊಂಡು ಈ ವಾದವನ್ನ ನೋಡೋಣ. ಯಾಕೆ ಈ ನಾಲ್ಕೇ? ಒಂದು, ರಾಕೆಟ್ಟಿನ ಚರಿತ್ರೆ ಬರೆಯೋ ಯಾರೂ ಶ್ರೀರಂಗಪಟ್ಟಣವನ್ನ ಬಿಟ್ಟು ಬರೆಯೋಕಾಗಲ್ಲ. ಇನ್ನೊಂದು, ಇವತ್ತು ಈ ತಾಲ್ಲೂಕುಗಳ ಹೊಲಗಳನ್ನ ಮೇಲಿಂದ ಕ್ಯಾಮೆರಾಗಳು ನೋಡ್ತಾ ಇವೆ. ಆ ಚಿತ್ರದ ಮೇಲೆ ಇಲ್ಲಿನವರ ದುಡ್ಡಿನ ಲೆಕ್ಕ ನಿಂತಿದೆ.

ಮೊದಲು ಖರ್ಚಿನ ಮಾತು ಮುಗಿಸಿಬಿಡೋಣ. 2025-26ರ ಕೇಂದ್ರ ಬಜೆಟ್‌ನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 13,416 ಕೋಟಿ ರೂಪಾಯಿ. ಒಟ್ಟು ಬಜೆಟ್ 50 ಲಕ್ಷ ಕೋಟಿಗೂ ಮೇಲೆ. ಅಂದರೆ ನೂರು ರೂಪಾಯಿಗೆ 26 ಪೈಸೆ ಲೆಕ್ಕ. ಚಂದ್ರಯಾನ-3ಕ್ಕೆ ಆದ ಖರ್ಚು 615 ಕೋಟಿ ಆಸುಪಾಸು. ಈ ದುಡ್ಡು ಉಳಿಸಿದರೆ ಬೋರ್‌ವೆಲ್ಲಲ್ಲಿ ನೀರು ಬರುತ್ತೆ ಅನ್ನೋದು ಲೆಕ್ಕಕ್ಕೆ ನಿಲ್ಲಲ್ಲ. ಆದರೆ ಗಗನಯಾನದ ಒಟ್ಟು ಮಂಜೂರಾತಿ 2024ರ ಸೆಪ್ಟೆಂಬರ್‌ನಲ್ಲಿ 20,193 ಕೋಟಿಗೆ ಏರಿತಲ್ಲ, ಅದು ಸಣ್ಣ ಮೊತ್ತ ಅಲ್ಲ. ಅದರ ಬಗ್ಗೆ ಕೇಳೋ ಹಕ್ಕು ಟೀ ಕುಡಿಯುವವರಿಗೂ ಇದೆ. ನನ್ನ ತಕರಾರು ದುಡ್ಡಿನದಲ್ಲ. ಈ ತಂತ್ರಜ್ಞಾನ ಯಾರ ಕೈಯಲ್ಲಿ ಓದೋಕೆ ಬರುತ್ತೆ, ಯಾರ ಕೈಯಲ್ಲಿ ಬರಲ್ಲ ಅನ್ನೋದರದು. ಅದಕ್ಕೆ ಹಳೇ ಕತೆಯಿಂದಲೇ ಶುರುಮಾಡಬೇಕು.

ಪಟ್ಟಣದ ದರಿಯಾ ದೌಲತ್ ಬಾಗ್‌ಗೆ ಹೋದವರು ಪಶ್ಚಿಮದ ಗೋಡೆಯ ದೊಡ್ಡ ಚಿತ್ರ ನೋಡಿರ್ತೀರಿ. ಪೊಳ್ಳಿಲೂರು ಯುದ್ಧ, 1780ರ ಸೆಪ್ಟೆಂಬರ್ 10, ಕಾಂಚೀಪುರದ ಹತ್ತಿರ. ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ ಕೂತಿದ್ದಾನೆ, ಸುತ್ತ ಕೆಂಪು ಅಂಗಿಯ ಸೈನಿಕರ ಚೌಕ, ಮದ್ದಿನ ಗಾಡಿ ಸಿಡೀತಾ ಇದೆ. ಆ ಗಾಡಿಗೆ ಬೆಂಕಿ ಬಿದ್ದದ್ದು ಮೈಸೂರಿನ ರಾಕೆಟ್ಟಿಂದ ಅಂತ ಬಹಳ ಜನ ಬರೆದಿದ್ದಾರೆ. ಫಿರಂಗಿ ಗುಂಡಿಂದ ಅನ್ನೋರೂ ಇದ್ದಾರೆ. ಏನೇ ಇರಲಿ, ಬೈಲಿ ಸೆರೆಯಾಗಿ ಪಟ್ಟಣಕ್ಕೇ ಬಂದ, 1782ರಲ್ಲಿ ಇಲ್ಲೇ ಸತ್ತ. ಕೋಟೆಯೊಳಗಿನ ಬಂದೀಖಾನೆಗೆ ಜನ ಇವತ್ತಿಗೂ ಅವನ ಹೆಸರಿಟ್ಟೇ ಕರೀತಾರೆ.

ಆ ರಾಕೆಟ್ಟಿನಲ್ಲಿ ಹೊಸದೇನಿತ್ತು? ಬಾಣ ಬಿರುಸು ಈ ದೇಶಕ್ಕೆ ಹೊಸದಲ್ಲ. ಜಾತ್ರೆಯಲ್ಲಿ ಹಾರಿಸೋ ಬಾಣ ಬಿರುಸಿನಲ್ಲಿರೋ ಆ 'ಬಾಣ' ಅನ್ನೋ ಮಾತೇ ಆಗ ಯುದ್ಧದ ರಾಕೆಟ್ಟಿಗೂ ಇತ್ತು. ಹೊಸದು ಅಂದರೆ ಕೊಳವೆ. ಕಾಗದದ್ದೋ ಬಿದಿರಿನದ್ದೋ ಆದರೆ ಮದ್ದು ಒತ್ತಿ ತುಂಬಿದಾಗ ಒಳಗಿನ ಒತ್ತಡ ತಡೀದೆ ಸಿಡಿದುಹೋಗುತ್ತೆ. ಮೈಸೂರಿನವರು ಬಡಿದ ಕಬ್ಬಿಣದ ಕೊಳವೆ ಮಾಡಿದರು. ಒಂದು ಗೇಣಿನಷ್ಟು ಉದ್ದ, ಒಂದು ತುದಿ ಮುಚ್ಚಿರುತ್ತೆ. ಅದನ್ನ ನಾಲ್ಕಡಿ ಬಿದಿರಿಗೋ ಕತ್ತಿಯ ಅಲಗಿಗೋ ತೊಗಲಿನ ದಾರದಲ್ಲಿ ಬಿಗೀತಾ ಇದ್ದರು. ಅರ್ಧ ಕೇಜಿಯಷ್ಟು ಮದ್ದು ಹಾಕಿದರೆ ಒಂದು ಕಿಲೋಮೀಟರ್ ಹತ್ತಿರ ಹೋಗೋದು. ಗುರಿ ಅಷ್ಟಕ್ಕಷ್ಟೆ. ಆದರೆ ಒಟ್ಟಿಗೆ ನೂರಾರು ಬಂದರೆ ಕುದುರೆ, ಎತ್ತು, ಸಿಪಾಯಿ ಎಲ್ಲಾ ದಿಕ್ಕಾಪಾಲು.

ಗಮನಿಸಿ, ಇಲ್ಲಿ ಇದ್ದದ್ದು ಒಂದು ಆಯುಧ ಮಾತ್ರ ಅಲ್ಲ, ಒಂದು ವ್ಯವಸ್ಥೆ. ಕಬ್ಬಿಣ ಕರಗಿಸೋರು, ಬಡಿಯೋರು, ಮದ್ದು ಅರೆಯೋರು, ಬಿದಿರು ಕಟ್ಟೋರು. ಪ್ರತಿ ಕುಶೂನ್ ಪಡೆಗೆ 200 ಜನ ರಾಕೆಟ್ಟಿನವರು. ಬೆಂಗಳೂರಿನ ತಾರಾಮಂಡಲಪೇಟೆ ಅನ್ನೋ ಹೆಸರು ಆ ಕಾಲದ ಬಾಣದ ಕೆಲಸದ ನೆನಪು. ಪರದೇಶದ ಕೈಯೂ ಇತ್ತು. ಪಾಂಡವಪುರವನ್ನ ಇಂಗ್ಲಿಷರು 'ಫ್ರೆಂಚ್ ರಾಕ್ಸ್' ಅಂತಲೇ ಕರೀತಿದ್ದದ್ದು, ಮೈಸೂರಿನ ಚಾಕರಿಯಲ್ಲಿದ್ದ ಫ್ರೆಂಚರ ಪಡೆ ಅಲ್ಲಿ ಬೀಡು ಬಿಟ್ಟಿದ್ದರಿಂದ. ತಮಾಷೆ ನೋಡಿ, 1792ರ ಫೆಬ್ರುವರಿಯಲ್ಲಿ ಪಟ್ಟಣದ ಮೇಲೆ ಬೀಳೋಕೆ ಬಂದ ಕಾರ್ನ್‌ವಾಲಿಸ್‌ನ ಸೈನ್ಯ ಡೇರೆ ಹಾಕಿದ್ದೂ ಅದೇ ಫ್ರೆಂಚ್ ರಾಕ್ಸ್ ಹತ್ತಿರ.

ಇಲ್ಲಿ ಒಂದು ಮಾತು ಹೇಳಲೇಬೇಕು. ಟಿಪ್ಪು ಹೆಸರೆತ್ತಿದ ತಕ್ಷಣ ಕೆಲವರಿಗೆ ಮೈಯೆಲ್ಲ ಹೆಮ್ಮೆ, ಕೆಲವರಿಗೆ ಸಿಟ್ಟು. ಪಾಂಡವಪುರ ತಾಲ್ಲೂಕಿನದೇ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ನರಕ ಚತುರ್ದಶಿ ಹಬ್ಬ ಮಾಡಲ್ಲ. ಆ ಕಾಲದ ಸಾವುಗಳ ನೆನಪನ್ನ ಅವರು ಹಾಗೆ ಉಳಿಸಿಕೊಂಡಿದ್ದಾರೆ. ದರಿಯಾ ದೌಲತ್‌ನಿಂದ ಅಲ್ಲಿಗೆ ಹೆಚ್ಚೇನೂ ದೂರ ಇಲ್ಲ. ಎರಡೂ ಈ ನೆಲದವೇ. ರಾಕೆಟ್ಟಿನ ಮಾತಾಡೋಕೆ ಆ ನೋವನ್ನ ಅಳಿಸಬೇಕಿಲ್ಲ, ಆ ನೋವಿನ ಮಾತಾಡೋಕೆ ಕಮ್ಮಾರರ ಕೆಲಸವನ್ನ ಇಲ್ಲ ಅನ್ನಬೇಕಿಲ್ಲ. ಕೊಳವೆ ಬಡಿದವರು ಈ ಸೀಮೆಯ ಕುಲುಮೆಯವರು. ಅವರ ಹೆಸರು ಯಾವ ಪಕ್ಷದ ಜಯಂತಿಯಲ್ಲೂ ಬರಲ್ಲ.

ಈಗ 1799ಕ್ಕೆ ಬನ್ನಿ. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ರಾಕೆಟ್ಟು, ಬಂದೂಕು ಎರಡರ ಹೊಡೆತಕ್ಕೂ ಸಿಕ್ಕಿ ಗಲಿಬಿಲಿಯಾಗಿ ಹಿಂದಕ್ಕೆ ಹೋದ ಇಂಗ್ಲಿಷ್ ಕರ್ನಲ್‌ನ ಹೆಸರು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ಮಾರನೇ ದಿನ ಆ ತೋಪು ಕಂಪನಿಯ ವಶ ಆಯ್ತು. ಮೇ 2ರಂದು ಕೋಟೆಯೊಳಗೆ ರಾಕೆಟ್ ಇಟ್ಟಿದ್ದ ಉಗ್ರಾಣಕ್ಕೇ ಗುಂಡು ಬಿದ್ದು ಸಿಡೀತು. ಮೇ 4ಕ್ಕೆ ಎಲ್ಲಾ ಮುಗೀತು. ಕೋಟೆ ಬಿದ್ದ ಮೇಲೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ರಾಕೆಟ್ ಹಾರಿಸೋ ಸಾಧನ 600, ಹಾರಿಸೋಕೆ ತಯಾರಿದ್ದ ರಾಕೆಟ್ 700, ಮದ್ದು ತುಂಬದ ಖಾಲಿ ರಾಕೆಟ್ 9,000 ಅಂತ ದಾಖಲೆಗಳು ಹೇಳ್ತವೆ.

ಆ ಲೆಕ್ಕ ಹಾಕಿದ್ದು ಗೆದ್ದವರು. ಕೆಲವು ರಾಕೆಟ್ಟು ಹಡಗು ಹತ್ತಿ ಲಂಡನ್ ಹತ್ತಿರದ ವೂಲಿಚ್ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅನ್ನೋನು, ಭಾರತದ ರಾಕೆಟ್ಟಿನ ವಿಷಯ ಚೆನ್ನಾಗಿ ಗೊತ್ತಿದ್ದವನು, 1804ರ ಹೊತ್ತಿಗೆ ಪ್ರಯೋಗ ಶುರುಮಾಡಿದ. ಇಷ್ಟು ಮದ್ದು ತುಂಬಿದರೆ ಎಷ್ಟು ದೂರ, ಕೊಳವೆ ಎಷ್ಟು ದಪ್ಪ ಇರಬೇಕು, ಕೋಲು ಎಷ್ಟುದ್ದ. ಒಂದೊಂದನ್ನೂ ಹಾರಿಸಿ, ಅಳೆದು, ಬರೆದ. ಆಮೇಲೆ ಪುಸ್ತಕವಾಗಿ ಅಚ್ಚು ಹಾಕಿಸಿದ. 1806ರಲ್ಲಿ ಬೂಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆ ಮೇಲೆ ಆ ರಾಕೆಟ್ಟುಗಳು ಬಿದ್ದವು. ಅವನ 32 ಪೌಂಡಿನ ರಾಕೆಟ್ಟು ಎರಡೂವರೆ ಕಿಲೋಮೀಟರಿಗೂ ಮುಂದಕ್ಕೆ ಹೋಗ್ತಿತ್ತು.

ಬೆಂಗಳೂರಿನ ರೊದ್ದಂ ನರಸಿಂಹ ಅವರು, ವೈಮಾಂತರಿಕ್ಷ ವಿಜ್ಞಾನದಲ್ಲಿ ದೊಡ್ಡ ಹೆಸರು, 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಒಂದು ಪ್ರಬಂಧ ಬರೆದರು. ಟಿಪ್ಪು ಮೊದಲು ಮಾಡಿದ ಅಂತ ಎದೆ ಉಬ್ಬಿಸೋಕೆ ಬರೆದದ್ದಲ್ಲ ಅದು. ಮುಂದಿದ್ದವರು ಅಷ್ಟು ಬೇಗ ಹಿಂದೆ ಬಿದ್ದದ್ದು ಹೇಗೆ ಅನ್ನೋದೇ ಅದರ ತಿರುಳು. ನನಗೆ ಅದರಿಂದ ಅರ್ಥವಾದದ್ದು ಇಷ್ಟು: ಇಲ್ಲಿ ಕೈಯಲ್ಲಿ ವಿದ್ಯೆ ಇತ್ತು, ಅಲ್ಲಿ ಕೈಯ ವಿದ್ಯೆಯನ್ನ ಲೆಕ್ಕಕ್ಕೆ ಇಳಿಸಿ, ಇನ್ನೊಬ್ಬ ಪರೀಕ್ಷೆ ಮಾಡೋ ಹಾಗೆ ಮಾಡುವ ಅಭ್ಯಾಸ ಬೆಳೆದಿತ್ತು. ಮೈಸೂರಿನ ರಾಕೆಟ್ಟಿನ ಬಗ್ಗೆ ಇವತ್ತು ನಮ್ಮ ಕೈಗೆ ಸಿಗೋ ವಿವರಗಳಲ್ಲಿ ಹೆಚ್ಚಿನವು ಅದರ ಏಟು ತಿಂದವರು ಬರೆದದ್ದು. 1800ರಲ್ಲಿ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನೆಲ್ಲ ಸುತ್ತಿ ಕಬ್ಬಿಣ ಕರಗಿಸೋ ಒಲೆ ಹೇಗಿದೆ, ಅದಿರೆಷ್ಟು ಇದ್ದಿಲೆಷ್ಟು, ಕೂಲಿ ಎಷ್ಟು ಅಂತೆಲ್ಲ ಬರೆದುಕೊಂಡು ಹೋದ. ನಾಗಮಂಗಲದಲ್ಲಿ ಎರಕದ ಕೆಲಸ ತಲೆಮಾರುಗಳಿಂದ ಬಂದದ್ದು, ಇವತ್ತಿಗೂ ವಿಗ್ರಹ ಹುಯ್ಯುವವರು ಇದ್ದಾರೆ. ಆದರೆ ಆ ಕಾಲದ ಕುಲುಮೆಯವರು ತಾವೇ ಬರೆದಿಟ್ಟ ಪುಸ್ತಕಕ್ಕೆ ಹುಡುಕಿದರೆ ನಿರಾಸೆ. ಬದಲಿಗೆ ಬಾವಿಯಲ್ಲಿ ಕೊಳವೆ ಸಿಗ್ತವೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೇ ಬಾವಿ ತೋಡಿದಾಗ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ ಸಿಕ್ಕವು.

(ಹಳೇ ಕಟ್ಟಡ ಉಳಿಸೋ ವಿಚಾರದಲ್ಲಿ ನಾವು ಈಚೆಗೆ ಪರವಾಗಿಲ್ಲ ಬಿಡಿ. ರೈಲ್ವೆ ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಪಟ್ಟಣದ ಹಳೇ ಮದ್ದಿನ ಮನೆಯನ್ನ ಒಡೆಯದೆ, ಇಡೀ ಕಟ್ಟಡವನ್ನೇ ಜಾಕಿ ಕೊಟ್ಟು ಎತ್ತಿ, ನೂರು ಮೀಟರ್ ಆಸುಪಾಸು ಸರಿಸಿದರು. ಸಾವಿರ ಟನ್ ತೂಕ. ನೋಡದವರು ಹೋಗಿ ನೋಡಿ.)

ಅಬ್ದುಲ್ ಕಲಾಂ ಅವರು ಅಮೆರಿಕದ ವಾಲಪ್ಸ್ ಕೇಂದ್ರದಲ್ಲಿ ಮೈಸೂರು ಸೈನಿಕರು ರಾಕೆಟ್ ಬಿಡೋ ಚಿತ್ರ ಕಂಡ ಕತೆ ಎಲ್ಲರಿಗೂ ಬಾಯಿಪಾಠ. ಅದನ್ನ ಹೆಮ್ಮೆಯ ಕತೆಯಾಗಿ ಹೇಳ್ತೀವಿ. ನನಗೆ ಅದರಲ್ಲಿ ಸ್ವಲ್ಪ ಮುಜುಗರವೂ ಕಾಣುತ್ತೆ. ನಮ್ಮ ಕೆಲಸದ ಚಿತ್ರ ನೋಡೋಕೆ ನಾವು ಅಲ್ಲಿವರೆಗೆ ಹೋಗಬೇಕಾಯ್ತಲ್ಲ.

ಸರಿ, ಈಗಿನ ಕಾಲಕ್ಕೆ ಬರೋಣ. ವಿಕ್ರಂ ಸಾರಾಭಾಯಿ ಅವರ ನಿಲುವು ಬಾಹ್ಯಾಕಾಶಾಸಕ್ತರಿಗೆಲ್ಲ ಗೊತ್ತು: ದೊಡ್ಡ ದೇಶಗಳ ಜೊತೆ ಚಂದ್ರನಿಗೆ ಹೋಗೋ ಪೈಪೋಟಿ ನಮಗೆ ಬೇಡ, ಜನರ ಕಷ್ಟಕ್ಕೆ ಈ ತಂತ್ರಜ್ಞಾನ ಬಳಸೋದರಲ್ಲಿ ಮಾತ್ರ ಯಾರಿಗೂ ಕಮ್ಮಿ ಇರಬಾರದು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹ ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ನಮ್ಮ ರಾಜ್ಯದಲ್ಲಿ ಅದು ಸಿಕ್ಕಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ. ಅದೇ ವರ್ಷ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ ಹಾರಿತು. ಕೆ.ಆರ್.ಪೇಟೆಯವರಿಗೆ ಇದೆಲ್ಲ ದೂರದ ಮಾತಲ್ಲ. ಚನ್ನರಾಯಪಟ್ಟಣ ದಾಟಿ ಹಾಸನಕ್ಕೆ ಹೋದರೆ 1982ರಿಂದ ಇನ್ಸಾಟ್ ಉಪಗ್ರಹಗಳನ್ನ ನಿಯಂತ್ರಿಸ್ತಾ ಇರೋ ಕೇಂದ್ರದ ದೊಡ್ಡ ಬಟ್ಟಲುಗಳು ಕಾಣ್ತವೆ. ಉಪಗ್ರಹದ ಕ್ಯಾಮೆರಾ ಕೆಲಸದಲ್ಲೇ ಪಳಗಿ 2015ರಲ್ಲಿ ಇಸ್ರೋ ಅಧ್ಯಕ್ಷರಾದ ಕಿರಣ್ ಕುಮಾರ್ ಅವರು ಹಾಸನ ಜಿಲ್ಲೆಯವರೇ.

ಆ ಕ್ಯಾಮೆರಾನೇ ಇವತ್ತಿನ ನನ್ನ ವಿಷಯ. ಯಾಕಂದ್ರೆ ಚಂದ್ರಯಾನದ ಬಗ್ಗೆ ನಾವು ಹೊಡೆದಾಡೋ ಹೊತ್ತಿನಲ್ಲಿ ಭೂಮಿ ಕಡೆ ಮುಖ ಮಾಡಿರೋ ಕ್ಯಾಮೆರಾಗಳು ನಮ್ಮ ಪರವಾಗಿ ಸಾಕ್ಷಿ ಹೇಳ್ತಾ ಇವೆ. ಕೆಲವು ಸಲ ನಮ್ಮ ವಿರುದ್ಧವೂ.

ಬರ ಘೋಷಣೆ ಹೇಗಾಗುತ್ತೆ ಗೊತ್ತಾ? ಹಿಂದೆ ಶಾನುಭೋಗರು ಬೆಳೆ ಎಷ್ಟಾಣೆ ಬಂದಿದೆ ಅಂತ ಬರೀತಿದ್ದರು, ಆಣೇವಾರಿ ಲೆಕ್ಕ. ಈಗ ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಇದೆ. ಮೊದಲು ಮಳೆ ಕೊರತೆ, ಮಳೆ ಇಲ್ಲದ ವಾರಗಳ ಲೆಕ್ಕ. ಅದು ದಾಟಿದರೆ ಬಿತ್ತನೆ ಎಷ್ಟಾಗಿದೆ, ಮಣ್ಣಿನ ತೇವ ಎಷ್ಟಿದೆ, ಕೆರೆ-ಕಟ್ಟೆ, ಅಂತರ್ಜಲ ಹೇಗಿದೆ, ಇವುಗಳ ಜೊತೆಗೆ ಉಪಗ್ರಹ ಕೊಟ್ಟ ಹಸಿರಿನ ಸೂಚ್ಯಂಕ. ಆಮೇಲೆ ಹತ್ತರಲ್ಲಿ ಒಂದು ಹಳ್ಳಿ ಆಯ್ದು ಸ್ಥಳ ಪರಿಶೀಲನೆ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕಿನಲ್ಲಿ ಸೆಪ್ಟೆಂಬರ್‌ನಲ್ಲಿ 195, ಕೊನೆಗೆ 223 ಬರಪೀಡಿತ ಅಂತಾಯ್ತು. ರಾಜ್ಯ ಕೇಳಿದ್ದು 18 ಸಾವಿರ ಕೋಟಿಗೂ ಹೆಚ್ಚು. ಸುಪ್ರೀಂ ಕೋರ್ಟಿನ ತನಕ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಬಿಡುಗಡೆ ಆದದ್ದು ಸುಮಾರು 3,454 ಕೋಟಿ. ಯಾರದು ಸರಿ ಅನ್ನೋ ರಾಜಕೀಯ ಇಲ್ಲಿ ಬೇಡ. ಇಷ್ಟು ನೋಡಿ ಸಾಕು: ಈ ಸಾವಿರಾರು ಕೋಟಿಯ ಲೆಕ್ಕದ ಬುಡದಲ್ಲಿರೋ ಸಂಖ್ಯೆಗಳಲ್ಲಿ ಒಂದು ಆಕಾಶದಿಂದ ಬಂದದ್ದು.

ಆ ಸಂಖ್ಯೆ ಹೇಗೆ ಬರುತ್ತೆ? ಹಸಿರಾಗಿ ಬೆಳೀತಾ ಇರೋ ಎಲೆ ಕೆಂಪು ಬೆಳಕನ್ನ ನುಂಗುತ್ತೆ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನ ವಾಪಸ್ ಎಸೆಯುತ್ತೆ. ಬಾಡಿದ ಎಲೆ ಹಾಗೆ ಮಾಡಲ್ಲ. ಕ್ಯಾಮೆರಾ ಎರಡನ್ನೂ ಅಳೆದು ಅವುಗಳ ವ್ಯತ್ಯಾಸ ತೆಗೆಯುತ್ತೆ. ಅದೇ ಎನ್‌ಡಿವಿಐ. ಹಿಂದಿನ ವರ್ಷಗಳಲ್ಲಿ ಇದೇ ಹೊತ್ತಿಗೆ ಎಷ್ಟಿತ್ತು, ಈಗೆಷ್ಟು ಅಂತ ಹೋಲಿಸ್ತಾರೆ. ಬಹಳ ಒಳ್ಳೇ ವಿಧಾನ, ಒಪ್ಪೋಣ. ಯಾರೋ ಕೂತಲ್ಲೇ ಬರೆದ ಆಣೇವಾರಿಗಿಂತ ಎಷ್ಟೋ ಮೇಲು.

ಆದರೆ ಚಿತ್ರದ ಒಂದು ಚುಕ್ಕಿ ಎಷ್ಟು ದೊಡ್ಡದು ಅಂತ ಯಾರಾದರೂ ನಿಮಗೆ ಹೇಳಿದಾರಾ? ನಾನು ಗುಂಟೆ ಲೆಕ್ಕದಲ್ಲಿ ಹೇಳ್ತೀನಿ. ಅಮೆರಿಕದ ಮೋಡಿಸ್ ಕ್ಯಾಮೆರಾದ ಅತಿ ಸಣ್ಣ ಚುಕ್ಕಿ 250 ಮೀಟರ್ ಚೌಕ, ಅಂದರೆ ಹದಿನೈದು ಎಕರೆಗೆ ಒಂದೇ ಬಣ್ಣ. ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹದ ಅವೈಫ್ಸ್ ಕ್ಯಾಮೆರಾದ ಚುಕ್ಕಿ 56 ಮೀಟರ್ ಚೌಕ. ಅದು 31 ಗುಂಟೆ, ಮುಕ್ಕಾಲು ಎಕರೆಗೆ ಒಂದೇ ಬಣ್ಣ. ಅದೇ ಉಪಗ್ರಹದ ಲಿಸ್-3 ಆದರೆ ಐದೂವರೆ ಗುಂಟೆ. ಲಿಸ್-4 ಆದರೆ ಗುಂಟೆಯ ಮೂರನೇ ಒಂದು ಭಾಗ, ಒಂದು ಕೋಣೆಯಷ್ಟು. ಸೂಕ್ಷ್ಮವಾಗಿ ನೋಡೋ ಕ್ಯಾಮೆರಾ ಒಂದೇ ಸಲಕ್ಕೆ ಅಗಲ ನೋಡಲ್ಲ, ಅದೇ ಜಾಗಕ್ಕೆ ಮತ್ತೆ ಬರೋಕೆ ಹೆಚ್ಚು ದಿನ ಬೇಕು. ಹಾಗಾಗಿ ದೇಶದ ಉದ್ದಗಲಕ್ಕೂ ಬೇಗಬೇಗ ನೋಡೋ ಲೆಕ್ಕಕ್ಕೆ ದಪ್ಪ ಚುಕ್ಕಿಯೇ ಅನುಕೂಲ.

ಈಗ ನಾಗಮಂಗಲದ ಒಂದು ಮೂಲೆ ಕಣ್ಣಮುಂದೆ ತಂದುಕೊಳ್ಳಿ. ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಎಟುಕದ, ಹೆಚ್ಚಾಗಿ ಮಳೆ ಮತ್ತು ಬೋರ್‌ವೆಲ್ ನಂಬಿದ ತಾಲ್ಲೂಕು. ಒಂದೆಕರೆ ರಾಗಿ, ಬದುವಿನ ಮೇಲೆ ತೆಂಗು, ಪಕ್ಕದಲ್ಲಿ ನೀಲಗಿರಿ ತೋಪು, ಆ ಕಡೆ ಲಂಟಾನ ತುಂಬಿದ ಬೀಳು. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟು ರಾಗಿ ಸುಟ್ಟುಹೋಯ್ತು. ತೆಂಗು ಹಸಿರು, ನೀಲಗಿರಿ ಹಸಿರು, ಲಂಟಾನ ಅಂತೂ ಯಾವಾಗ್ಲೂ ಹಸಿರು. ದಪ್ಪ ಚುಕ್ಕಿಯೊಳಗೆ ಎಲ್ಲಾ ಕಲೆಸಿ ಒಂದು ಸರಾಸರಿ ಬಣ್ಣ ಬಂತು ಅಂದ್ರೆ, ರಾಗಿಯವನ ನಷ್ಟ ನೀಲಗಿರಿಯ ಹಸಿರಲ್ಲಿ ಮುಚ್ಚಿಹೋಗುತ್ತೆ. ತಜ್ಞರಿಗೆ ಇದು ಗೊತ್ತಿಲ್ಲ ಅಂತಲ್ಲ. ಬೆಳೆಯ ಜಾಗ ಮಾತ್ರ ಬೇರ್ಪಡಿಸಿ ನೋಡೋ ನಕ್ಷೆ ಇದೆ. ಆದರೆ ಆ ನಕ್ಷೆ ಎಷ್ಟು ಹಳೇದು, ನಿಮ್ಮ ರಾಗಿ ಹೊಲ ಅದರಲ್ಲಿ ಬೆಳೆ ಅಂತಿದೆಯಾ ತೋಪು ಅಂತಿದೆಯಾ ಅನ್ನೋದು ನಿಮಗೆ ಯಾರು ತೋರಿಸಿದ್ದಾರೆ? ಪಾಂಡವಪುರದಲ್ಲಿ ಇನ್ನೊಂದು ಥರ. ನಾಲೆ ಕೆಳಗಿನ ಕಬ್ಬು ಭತ್ತದ ಹಸಿರು ಒಂದು ಕಡೆ, ಮೇಲುಕೋಟೆ ಬೆಟ್ಟದ ಕಡೆಯ ಮಳೆ ನಂಬಿದ ಊರುಗಳು ಇನ್ನೊಂದು ಕಡೆ. ತಾಲ್ಲೂಕಿಗೆ ಒಂದೇ ಸರಾಸರಿ ತೆಗೆದರೆ ಎರಡೂ ಕಡೆಗೆ ಅದು ಸುಳ್ಳು.

ಇನ್ನು ಮೋಡ. ಮುಂಗಾರು ಬೆಳೆಯನ್ನ ಯಾವಾಗ ನೋಡಬೇಕೋ ಆಗಲೇ ಆಕಾಶ ಮುಚ್ಚಿರುತ್ತೆ. ಮೋಡ ಕವಿದರೂ ಮಳೆ ಬರಲ್ಲ, ಆ ಸಂಕಟ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ? ಮಾಮೂಲಿ ಕ್ಯಾಮೆರಾಗೆ ಮೋಡದ ಕೆಳಗೆ ಕಾಣಲ್ಲ. ಕಾಣಬೇಕಾದರೆ ರೇಡಾರ್ ಬೇಕು. ಅದು ತಾನೇ ಅಲೆ ಕಳಿಸಿ, ವಾಪಸ್ ಬಂದದ್ದನ್ನ ಓದುತ್ತೆ. ಹಗಲು ರಾತ್ರಿ, ಮೋಡ ಮಳೆ ಯಾವುದೂ ಅಡ್ಡಿ ಇಲ್ಲ. ಹಸಿರನ್ನ ನೇರವಾಗಿ ಅಳೆಯಲ್ಲ, ಆದರೆ ಮಣ್ಣಿನ ತೇವ, ಪೈರಿನ ಎತ್ತರ, ದಟ್ಟಣೆಯ ಸುಳಿವು ಕೊಡುತ್ತೆ.

2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಹಾರಿ ಮೂರನೇ ಹಂತದಲ್ಲಿ ವಿಫಲ ಆಯ್ತಲ್ಲ, ಅದರಲ್ಲಿದ್ದ ಇಒಎಸ್-09 ಇಂಥದೇ ರೇಡಾರ್ ಉಪಗ್ರಹ. ಗಡಿ ಕಾಯೋ ಉಪಗ್ರಹ ಹೋಯ್ತು ಅಂತ ಸುದ್ದಿ ಓದಿದ್ವಿ. ಮೋಡದ ಕೆಳಗಿನ ಹೊಲ ನೋಡಬಲ್ಲ ಒಂದು ಕಣ್ಣೂ ಹೋಯ್ತು ಅಂತ ಯಾರೂ ಬರೆಯಲಿಲ್ಲ. ಆ ವೈಫಲ್ಯದ ವರದಿ ಬಹಿರಂಗ ಮಾಡಿ ಅನ್ನೋ ಕೂಗು ಬಾಹ್ಯಾಕಾಶಾಸಕ್ತರ ನಡುವೆ ಜೋರಾಗೆದ್ದಿತು. ನಾನೂ ಆ ಕಡೆಯವನೇ. 2021ರ ಆಗಸ್ಟ್‌ನಲ್ಲಿ ಜಿಎಸ್‌ಎಲ್‌ವಿ-ಎಫ್10 ಬಿದ್ದಾಗ ಇಸ್ರೋ ತಾನೇ ಹೇಳಿತ್ತು: ಹೈಡ್ರೋಜನ್ ಟ್ಯಾಂಕಿನ ಕವಾಟದಲ್ಲಿ ಸೋರಿಕೆ ಆಗಿ ಒತ್ತಡ ನಿಲ್ಲಲಿಲ್ಲ ಅಂತ. ಚಂದ್ರಯಾನ-2 ಇಳಿಯುವಾಗ ಆದದ್ದನ್ನ ಮೊದಲು ಸಂಸತ್ತಿನಲ್ಲಿ ನಾಲ್ಕು ಸಾಲಲ್ಲಿ ಹೇಳಿದರು, ಚಂದ್ರಯಾನ-3ರ ಹೊತ್ತಿಗೆ ಅಧ್ಯಕ್ಷರಾಗಿದ್ದ ಸೋಮನಾಥ್ ಬಿಡಿಸಿ ಹೇಳಿದರು. ಹೇಳಿದ್ದರಿಂದ ಇಸ್ರೋ ಮರ್ಯಾದೆ ಹೋಯ್ತಾ? ಹೆಚ್ಚಾಯ್ತು. ಸೈನ್ಯದ ಗುಟ್ಟು ಇದ್ದರೆ ಅಷ್ಟು ಮುಚ್ಚಿಡಲಿ, ಯಾರೂ ಬೇಡ ಅನ್ನಲ್ಲ. ಉಳಿದದ್ದನ್ನ ಬರೆದು ಹೊರಗಿಡೋದು ವೂಲಿಚ್‌ನ ಕಾಲದಿಂದಲೂ ರಾಕೆಟ್ ಕೆಲಸದ ಅರ್ಧ ಭಾಗ.

ಖಾಸಗಿಯವರ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಡಲ್ಲ. 2020ರಲ್ಲಿ ಬಾಗಿಲು ತೆರೆದರು, 2023ರ ಏಪ್ರಿಲ್‌ನಲ್ಲಿ ಬಾಹ್ಯಾಕಾಶ ನೀತಿ ಬಂತು, ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನ 2025ರಲ್ಲಿ 511 ಕೋಟಿಗೆ ಎಚ್‌ಎಎಲ್ ಪಾಲಾಯ್ತು. ಬೆಂಗಳೂರಿನ ಪಿಕ್ಸೆಲ್ ಕಂಪನಿ ಬೆಳೆಯ ಬಣ್ಣವನ್ನ ನೂರಾರು ಭಾಗ ಮಾಡಿ ನೋಡೋ ಉಪಗ್ರಹ ಹಾರಿಸಿದೆ. ಒಳ್ಳೇದೇ. ನನ್ನ ಕಣ್ಣಿರೋದು ಆ ನೀತಿಯ ಇನ್ನೊಂದು ಸಾಲಿನ ಮೇಲೆ. ಐದು ಮೀಟರ್ ಮತ್ತು ಅದಕ್ಕಿಂತ ದಪ್ಪ ಚುಕ್ಕಿಯ ಸರ್ಕಾರಿ ಉಪಗ್ರಹ ಚಿತ್ರ ಎಲ್ಲರಿಗೂ ಉಚಿತ, ಮುಕ್ತ. ಅದಕ್ಕಿಂತ ಸೂಕ್ಷ್ಮವಾದದ್ದು ಸರ್ಕಾರಿ ಇಲಾಖೆಗಳಿಗೆ ಪುಕ್ಕಟೆ, ಉಳಿದವರಿಗೆ ದುಡ್ಡು. ಸೂಕ್ಷ್ಮ ಚಿತ್ರ ಕೊಂಡುಕೊಳ್ಳೋರು ಯಾರು? ರೈತ ಕೊಳ್ಳಲ್ಲ. ವಿಮಾ ಕಂಪನಿ ಕೊಳ್ಳುತ್ತೆ, ಸಾಲ ಕೊಡೋರು ಕೊಳ್ತಾರೆ. ಫಸಲ್ ಬಿಮಾದಲ್ಲಿ 2023ರಿಂದ ಭತ್ತದ ಇಳುವರಿ ಲೆಕ್ಕಕ್ಕೆ ಉಪಗ್ರಹದ ಅಂದಾಜನ್ನೂ ಸೇರಿಸೋಕೆ ಶುರುಮಾಡಿದ್ದಾರೆ. ಅಂದರೆ ನಾಳೆ ಪರಿಹಾರದ ಮೇಜಿನ ಆ ಕಡೆ ಕೂತವರ ಹತ್ತಿರ ನಿಮ್ಮ ಗದ್ದೆಯ ಚಿತ್ರ ಇರುತ್ತೆ, ಈ ಕಡೆ ಕೂತ ನಿಮ್ಮ ಹತ್ತಿರ ಪಹಣಿ ಇರುತ್ತೆ. 1800ರಲ್ಲಿ ಬುಕಾನನ್ ಪುಸ್ತಕ ಹಿಡಿದು ಕುಲುಮೆ ಮುಂದೆ ನಿಂತಿದ್ದ ಹಾಗೆ.

ಹಾಗಂತ ಕೈಕಟ್ಟಿ ಕೂರೋ ಪರಿಸ್ಥಿತಿ ಏನಿಲ್ಲ. ಇವತ್ತು ಈ ನಾಲ್ಕು ತಾಲ್ಲೂಕಲ್ಲಿ ದಿಶಾಂಕ್ ಆ್ಯಪ್ ತೆಗೆದು ಹೊಲದಲ್ಲಿ ನಿಂತು ಸರ್ವೆ ನಂಬರ್ ನೋಡಿಕೊಳ್ಳದ ರೈತ ಕಮ್ಮಿ. ಅದು ಉಪಗ್ರಹದ ಕೆಲಸ ಅಂತ ಯಾರೂ ಹೇಳಿಕೊಡಲಿಲ್ಲ, ತಾವೇ ಕಲಿತರು, ಯಾಕಂದ್ರೆ ಬದುವಿನ ಜಗಳಕ್ಕೆ ಉಪಯೋಗಕ್ಕೆ ಬಂತು. ಬೆಳೆಯ ಚಿತ್ರ ಓದೋದು ಅದಕ್ಕಿಂತ ಬಹಳ ಕಷ್ಟ ಏನಲ್ಲ. ಇಸ್ರೋದ ಭೂನಿಧಿ ತಾಣದಲ್ಲಿ ರಿಸೋರ್ಸ್‌ಸ್ಯಾಟ್ ಚಿತ್ರ ಸಿಗುತ್ತೆ. ಯುರೋಪಿನ ಸೆಂಟಿನೆಲ್ ಹತ್ತು ಮೀಟರ್ ಚುಕ್ಕಿ, ಅಂದರೆ ಒಂದು ಗುಂಟೆಗೆ ಒಂದು, ಪೂರ್ತಿ ಉಚಿತ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್, ನಾಸಾ ಮತ್ತು ಇಸ್ರೋ ಸೇರಿ ಮಾಡಿದ್ದು, ರೇಡಾರ್ ಉಪಗ್ರಹ. ಹನ್ನೆರಡು ದಿನಕ್ಕೊಮ್ಮೆ ಅದೇ ನೆಲದ ಮೇಲೆ ಬರುತ್ತೆ. ಅದರ ಚಿತ್ರಗಳೂ ಎಲ್ಲರಿಗೂ ಉಚಿತ ಅನ್ನೋದು ಮೊದಲಿಂದಲೂ ಇರುವ ಮಾತು.

ನನ್ನ ಬೇಡಿಕೆ ದೊಡ್ಡದಲ್ಲ. ಬರದ ಲೆಕ್ಕಕ್ಕೆ ಬಳಸಿದ ಹಸಿರಿನ ಸಂಖ್ಯೆಯನ್ನ ತಾಲ್ಲೂಕಿಗೊಂದು ಅಂತಲ್ಲ, ಗ್ರಾಮ ಪಂಚಾಯ್ತಿವಾರು ಹಾಕಲಿ. ಮಳೆ ಅಳೆಯೋ ಯಂತ್ರ ಪಂಚಾಯ್ತಿ ಮಟ್ಟಕ್ಕೆ ಬಂದಿರುವಾಗ ಇದಕ್ಕೇನು ಅಡ್ಡಿ? ಬಳಸಿದ ಬೆಳೆ ನಕ್ಷೆ ಯಾವ ವರ್ಷದ್ದು ಅಂತ ಅದರ ಪಕ್ಕದಲ್ಲೇ ಬರೆಯಲಿ. ನಮ್ಮ ತಾಲ್ಲೂಕುಗಳ ಪದವಿ ಕಾಲೇಜು, ಪಾಲಿಟೆಕ್ನಿಕ್ ಮಕ್ಕಳು ಬಾಹ್ಯಾಕಾಶ ದಿನ ಅಂತ ಆಗಸ್ಟ್ 23ಕ್ಕೆ ಥರ್ಮಾಕೋಲ್ ರಾಕೆಟ್ ಮಾಡ್ತಾರೆ. ಮಾಡಲಿ, ಚೆಂದ. ಅದೇ ಆಗಸ್ಟ್‌ನಲ್ಲಿ ತಮ್ಮೂರಿನ ಹತ್ತು ಹೊಲ ಆಯ್ದು, ಯಾವ ಬೆಳೆ, ಎಷ್ಟೆತ್ತರ, ಬಾಡಿದೆಯಾ ಇಲ್ವಾ ಅಂತ ತಾರೀಕು ಹಾಕಿ ಬರೆದು, ಅದೇ ತಾರೀಕಿನ ಸೆಂಟಿನೆಲ್ ಚಿತ್ರದ ಪಕ್ಕ ಇಟ್ಟು ನೋಡಲಿ. ಎರಡು ಮೂರು ವರ್ಷ ಬಿಡದೆ ಮಾಡಿದರೆ ಯಾವ ಇಲಾಖೆಯೂ ತಳ್ಳಿಹಾಕೋಕಾಗದ ದಾಖಲೆ ಅದು.

ಮುಂದಿನ ಸಲ ಜಂಟಿ ಸಮೀಕ್ಷೆ ಅಂತ ಕಂದಾಯ, ಕೃಷಿ ಇಲಾಖೆಯವರು ನಿಮ್ಮೂರಿಗೆ ಬಂದಾಗ ಜಗಳಕ್ಕೆ ಹೋಗಬೇಡಿ, ಅವರೂ ಬಿಸಿಲಲ್ಲಿ ನಿಂತಿರ್ತಾರೆ. ಕೇಳಿ ಅಷ್ಟೆ. ನಿಮ್ಮ ಹತ್ತಿರ ಇರೋ ಚಿತ್ರ ಯಾವ ತಾರೀಕಿಂದು ಸಾರ್? ಆ ದಿನ ಮೋಡ ಇತ್ತಾ? ನಮ್ಮ ಊರಿನ ಚುಕ್ಕಿ ಎಷ್ಟು ಗುಂಟೆದು? ಗೊತ್ತಿಲ್ಲ ಅಂದರೆ ಯಾರಿಗೆ ಗೊತ್ತು ಅಂತ ಬರೆದುಕೊಡೋಕೆ ಹೇಳಿ.

ಚಿತ್ರ ಇಳಿಸಿಕೊಳ್ಳೋಕೆ ಹೋಗಿ ಎಲ್ಲಾದ್ರೂ ಸಿಕ್ಕಿಹಾಕಿಕೊಂಡರೆ ನಮಗೆ ಬರೀರಿ, ಮುಂದಿನ ಸಂಚಿಕೆಯಲ್ಲಿ ಒಂದು ತಾಲ್ಲೂಕು ಹಿಡಿದು ಒಟ್ಟಿಗೆ ಮಾಡೋಣ. ಕೆ.ಆರ್.ಪೇಟೆಯಿಂದ ಶುರುಮಾಡೋಣ ಅಂತಿದ್ದೀನಿ. ಹೇಮಾವತಿ ನಾಲೆಯ ಹಸಿರೂ ಇದೆ, ಮಳೆ ನಂಬಿದ ಹೊಲವೂ ಇದೆ, ಪಾಠಕ್ಕೆ ಅನುಕೂಲ.